ಮಡಿಕೇರಿಯ ಸ್ಟುಡಿಯೊದ ಜೋಡಿ ಆಲ್ಬಂ: ಹೊಂದಿಕೆ ಚೆನ್ನ, ಬಣ್ಣದಲ್ಲಿ ಎಚ್ಚರ ಬೇಕು

ಮಡಿಕೇರಿ ಪೇಟೆಯ ಸ್ಟುಡಿಯೊವೊಂದು ಹಳೆಯ ಪ್ರಕೃತಿಚಿತ್ರಗಳನ್ನು ಸ್ಕ್ಯಾನ್ ಮಾಡಿ, ಅದೇ ಜಾಗದಲ್ಲಿ ನಾವು ಈಚೆಗೆ ತೆಗೆದ ಚಿತ್ರಗಳೊಂದಿಗೆ ಎದುರುಬದುರು ಪುಟಗಳಲ್ಲಿ ಜೋಡಿಸಿ ಆಲ್ಬಂ ಮಾಡಿಕೊಡುತ್ತದೆ. ಮನೆಯಲ್ಲಿ ತೊಂಬತ್ತರ ದಶಕದ ಪ್ರಿಂಟ್‌ಗಳೂ ನೆಗೆಟಿವ್‌ಗಳೂ ಉಳಿದಿದ್ದುದರಿಂದ ತಲಕಾವೇರಿ, ಮಾಂದಲಪಟ್ಟಿ, ಮಕ್ಕಂದೂರು ಕಡೆಯ ಬೆಟ್ಟಗಳ ಚಿತ್ರಗಳನ್ನೂ ನಮ್ಮ ತೋಟದ ಕೆಳಗಿನ ಗದ್ದೆಬಯಲಿನ ಚಿತ್ರಗಳನ್ನೂ ಕೊಟ್ಟು ಒಂದು ಆಲ್ಬಂ ಮಾಡಿಸಿದೆ.

ಚಿತ್ರಗಳನ್ನು ಹೊಂದಿಸುವ ಕೆಲಸದಲ್ಲಿ ಇವರದು ನುರಿತ ಕೈ. ಹಳೆಯ ಸಣ್ಣ ಕ್ಯಾಮೆರಾಗಳ ಲೆನ್ಸ್‌ನ ನಾಭಿದೂರ (ಎಷ್ಟು ಅಗಲದ ನೋಟ ಹಿಡಿಯುತ್ತದೆಂದು ತಿಳಿಸುವ ಅಳತೆ) ಸಾಮಾನ್ಯವಾಗಿ 35 ಮಿ.ಮೀ. ಆಸುಪಾಸಿನದು, ಇಂದಿನ ಮೊಬೈಲ್‌ಗಳ ಮುಖ್ಯ ಲೆನ್ಸ್ ಅದಕ್ಕಿಂತ ಅಗಲವಾದ ನೋಟವನ್ನು ಹಿಡಿಯುವುದರಿಂದ, ನಿಂತ ಜಾಗ ಒಂದೇ ಆಗಿದ್ದರೂ ಹೊಸ ಚಿತ್ರದಲ್ಲಿ ಬೆಟ್ಟ ಕುಗ್ಗಿದಂತೆ ಕಾಣುತ್ತದೆ. ಸ್ಟುಡಿಯೊದವರು ಬೆಟ್ಟಸಾಲಿನ ಅಂಚನ್ನು ಆಧಾರವಾಗಿಟ್ಟುಕೊಂಡು ಹೊಸ ಚಿತ್ರವನ್ನು ಕತ್ತರಿಸಿ, ಎರಡನ್ನೂ ಒಂದೇ ಅಳತೆಗೆ ತಂದಿದ್ದಾರೆ. ನಿಂತ ಜಾಗವೇ ಬೇರೆಯಾಗಿದ್ದರೆ ಹತ್ತಿರದ ಮರಕ್ಕೂ ದೂರದ ಬೆಟ್ಟಕ್ಕೂ ಇರುವ ಸಂಬಂಧ ಬದಲಾಗುತ್ತದೆ, ಅದನ್ನು ಯಾವ ಕತ್ತರಿಯೂ ಸರಿಪಡಿಸಲಾರದು ಎಂದು ಅವರು ಮೊದಲೇ ತಿಳಿಸಿ, ಅಂಥ ಒಂದು ಜೋಡಿಯನ್ನು ಕೈಬಿಡಲು ಹೇಳಿದ್ದು ನನಗೆ ಹಿಡಿಸಿತು. ಗಿರಾಕಿಗೆ ಬೇಡವೆನ್ನುವ ಅಂಗಡಿಗಳು ಈಗ ಅಪರೂಪ.

ನನ್ನ ತಕರಾರು ಬಣ್ಣದ್ದು. ಆ ಕಾಲದ ಬಣ್ಣದ ಪ್ರಿಂಟ್‌ಗಳು ಆಲ್ಬಂನ ಕತ್ತಲಲ್ಲೇ ಇದ್ದರೂ ಅವುಗಳ ನೀಲಿ-ಹಸಿರು ವರ್ಣ ಮಾಸಿ ಚಿತ್ರ ಕೆಂಪಡರುವುದುಂಟು. ಅದನ್ನು ತಿದ್ದುವುದು ನ್ಯಾಯವೇ. ಆದರೆ ಮೊದಲ ಮಾದರಿಯಲ್ಲಿ, ಫೆಬ್ರುವರಿಯಲ್ಲಿ ತೆಗೆದಿದ್ದ ಮಾಂದಲಪಟ್ಟಿಯ ಒಣಹುಲ್ಲನ್ನು, ಮಳೆಗಾಲ ಮುಗಿಯುವ ಹೊತ್ತಿಗೆ ತೆಗೆದ ಹೊಸ ಚಿತ್ರಕ್ಕೆ ಸರಿದೂಗಲೆಂದು ಹಚ್ಚಹಸಿರು ಮಾಡಿಬಿಟ್ಟಿದ್ದರು. ಫಿಲ್ಮ್ ಮತ್ತು ಮೊಬೈಲ್ ತಂದ ವ್ಯತ್ಯಾಸ ಹೋಗಬೇಕು, ನೆಲ ತಂದ ವ್ಯತ್ಯಾಸ ಉಳಿಯಬೇಕು. ಇಲ್ಲದಿದ್ದರೆ ಜೋಡಿಸಿ ನೋಡುವುದರಲ್ಲಿ ಅರ್ಥವೇ ಇಲ್ಲ. ಕೇಳಿದ ಮೇಲೆ ಹೆಚ್ಚಿನ ಹಣ ಪಡೆಯದೆ ಸರಿಪಡಿಸಿಕೊಟ್ಟರಾದರೂ ಕೇಳದವರ ಆಲ್ಬಂ ಹಾಗೆಯೇ ಉಳಿಯುತ್ತದೆ.

ಹೀಗೆ ಉಳಿಸಿಕೊಂಡ ವ್ಯತ್ಯಾಸಗಳಿಂದಲೇ ಈ ಆಲ್ಬಂಗೆ ಬೆಲೆ. 2018ರ ಆಗಸ್ಟ್‌ನ ಭೂಕುಸಿತಕ್ಕೆ ಮೊದಲಿನ ಮಕ್ಕಂದೂರಿನ ಇಳಿಜಾರನ್ನು ಈಗಿನದರ ಪಕ್ಕದಲ್ಲಿಟ್ಟಾಗ, ಕುಸಿದ ಜಾಗದಲ್ಲಿ ಎಳೆಯ ಪೊದೆಗಳ ತಿಳಿಹಸಿರು ಸುತ್ತಲಿನ ಮರಗಳ ದಟ್ಟಹಸಿರಿನಿಂದ ಬೇರೆಯಾಗಿ ನಿಲ್ಲುತ್ತದೆ. 2020ರಲ್ಲಿ ಕುಸಿದ, ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದ ಮಗ್ಗುಲಿನ ಜೋಡಿಯನ್ನು ಮನೆಯವರು ಬಹಳ ಹೊತ್ತು ಮಾತಿಲ್ಲದೆ ನೋಡಿದರು. ತೋಟದ ಜೋಡಿ ಇಷ್ಟು ತೀವ್ರವಲ್ಲ, ಆದರೆ ಹೆಚ್ಚು ಕಲಿಸುತ್ತದೆ: ಹರಡಿಕೊಂಡಿದ್ದ ಕಾಡುಮರಗಳ ನೆರಳಿನ ಜಾಗದಲ್ಲಿ ಈಗ ನೇರವಾಗಿ ಬೆಳೆದ ಸಿಲ್ವರ್ ಓಕ್ ಸಾಲುಗಳಿವೆ, ಗದ್ದೆಯ ಒಂದು ಭಾಗ ಪಾಳು ಬಿದ್ದಿದೆ.

ಮಾಡಿಸುವವರು ಪ್ರಿಂಟ್‌ಗಿಂತ ನೆಗೆಟಿವ್ ಒಯ್ಯುವುದು ಮೇಲು. ನಾಲ್ಕು-ಆರು ಇಂಚಿನ ಪ್ರಿಂಟನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿಯಂತೆ) ಸ್ಕ್ಯಾನ್ ಮಾಡಿದರೆ ಸಿಗುವುದು 1200×1800 ಪಿಕ್ಸೆಲ್ ಮಾತ್ರ, ಪೂರ್ಣಪುಟಕ್ಕೆ ಅದು ಸಾಲದು. ನಮ್ಮ ಮಳೆಗಾಲದ ತೇವಕ್ಕೆ ಹೊಳಪಿನ ಪ್ರಿಂಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹೊಳಪಿಲ್ಲದ ಮ್ಯಾಟ್ ಕಾಗದವನ್ನೇ ಕೇಳಿರಿ. ದರ ಕೊಂಚ ಹೆಚ್ಚೇ. ಹೊಂದಿಕೆಗೆ ಹಿಡಿಯುವ ಶ್ರಮವನ್ನು ನೋಡಿದರೆ ಕೊಡಬಹುದು.