ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರೀಸ್ ವೆಬ್‌ಸೈಟ್ ಹೇಗಿದೆ? 'ನೈಸ್' ಹುಡುಕಿ ನೋಡಿ, ಗೊತ್ತಾಗತ್ತೆ

ಡಿಕ್ಷನರಿ ಟೆಸ್ಟ್ ಮಾಡೋಕೆ ಕಷ್ಟದ ಪದ ಹುಡುಕ್ಬಾರ್ದು ಕಣ್ರೀ, ಅದಕ್ಕೆ ಒಂದೋ ಎರಡೋ ಅರ್ಥ ಇರತ್ತೆ, ಯಾವ ಸೈಟಾದ್ರೂ ಹೇಳತ್ತೆ. ದಿನಾ ಬಾಯಲ್ಲಿ ಬರೋ ಪದ ಹಾಕಿ ನೋಡ್ಬೇಕು. ನಾನು ಹಾಕಿದ್ದು ನೈಸ್. ಅದಕ್ಕೆ ಎ1 ಅಂತ ಗುರುತು ಇದೆ, ಅಂದ್ರೆ ಆಗಷ್ಟೇ ಇಂಗ್ಲಿಷ್ ಕಲಿಯೋಕೆ ಶುರು ಮಾಡಿದವರ ಲೆವೆಲ್ಲು. ಆದ್ರೆ ಪೇಜ್ ಕೆಳಗಿಳಿಸ್ತಾ ಹೋದ್ರೆ ಅಷ್ಟು ಸುಲಭದ ಪದ ಅಲ್ಲ ಇದು.

ನಮಗಂತೂ ಇನ್ನೂ ಗೊಂದಲ ಜಾಸ್ತಿ, ಯಾಕಂದ್ರೆ ನಮ್ಮಲ್ಲಿ ನೈಸ್ ಅಂದ್ರೆ ಬೇರೇನೇ. ಉದ್ದಿನಬೇಳೆ ನೈಸಾಗಿ ರುಬ್ಬು ಅಂತೀವಿ, ಕೆಲಸ ಹೇಳಿದ ತಕ್ಷಣ ನೈಸಾಗಿ ಜಾರ್ಕೊಂಡ ಅಂತೀವಿ, ದುಡ್ಡು ಕೇಳೋಕೆ ಮುಂಚೆ ಬಂದು ನೈಸ್ ಮಾಡೋರೂ ಇದಾರೆ. ಇಂಗ್ಲಿಷಲ್ಲಿ ಹಿಟ್ಟಿಗೆ ಫೈನ್ ಅಂತಾರೆ, ನೈಸ್ ಫ್ಲೌರ್ ಅಂದ್ರೆ ಒಳ್ಳೆ ಹಿಟ್ಟು ಅಂತಷ್ಟೇ ಆಗತ್ತೆ.

ಸೈಟಲ್ಲಿ ಮೊದಲು ಹಿತವಾದ, ಚೆನ್ನಾಗಿರೋ ಅನ್ನೋ ಅರ್ಥ, ಆಮೇಲೆ ಒಳ್ಳೆ ಸ್ವಭಾವದ ಮನುಷ್ಯ. ಇದೆಲ್ಲ ಗೊತ್ತಿರೋದೇ. ನಂಗೆ ಇಷ್ಟ ಆಗಿದ್ದು 'ನೈಸ್ ಆಂಡ್' ಅನ್ನೋದು. ಸೂಪ್ ಈಸ್ ನೈಸ್ ಆಂಡ್ ಹಾಟ್ ಅಂದ್ರೆ ಸೂಪು ಚೆನ್ನಾಗೂ ಇದೆ ಬಿಸಿಯಾಗೂ ಇದೆ ಅಂತ ಎರಡು ಮಾತಲ್ಲ, ಹಿತವಾಗಿ ಬಿಸಿಬಿಸಿಯಾಗಿದೆ ಅಂತ ಒಂದೇ ಮಾತು. ಅದೇ ನಾಮಪದದ ಮುಂದೆ ಬಂದ್ರೆ ಆಂಡ್ ಬಿದ್ದೋಗತ್ತೆ, ಎ ನೈಸ್ ಹಾಟ್ ಬಾತ್. ಇಂಥದ್ದನ್ನ ಗ್ರಾಮರ್ ಕ್ಲಾಸಲ್ಲಿ ಯಾರೂ ಹೇಳ್ಕೊಡಲ್ಲ, ಇಲ್ಲಿ ಉದಾಹರಣೆ ಓದ್ತಾ ಓದ್ತಾನೇ ಕಿವಿಗೆ ಕೂರತ್ತೆ. ಈ ಡಿಕ್ಷನರಿಯ ಮೂಲ ಹಾರ್ನ್‌ಬಿ ಅಂತ ಜಪಾನಲ್ಲಿ ಇಂಗ್ಲಿಷ್ ಹೇಳ್ಕೊಡ್ತಿದ್ದ ಮೇಷ್ಟ್ರದ್ದು, ಆಕ್ಸ್‌ಫರ್ಡ್‌ನೋರು 1948ರಲ್ಲಿ ಪ್ರಿಂಟ್ ಮಾಡಿದ್ದು, ಹೊರಗಿನವರು ಎಲ್ಲಿ ಎಡವ್ತಾರೆ ಅಂತ ಗೊತ್ತಿದ್ದೋರು ಕಟ್ಟಿದ್ದು ಅನ್ನೋದು ಇಂಥ ಕಡೆ ಕಾಣತ್ತೆ.

ಇನ್ನೊಂದು ಅರ್ಥ ನೋಡಿ, ಎ ನೈಸ್ ಪಾಯಿಂಟ್ ಆಫ್ ಲಾ. ಲಾಯರ್ ಹೀಗಂದ್ರೆ ಹೊಗಳ್ತಿದಾರೆ ಅನ್ಕೋಬೇಡಿ, ಕೂದಲು ಸೀಳೋವಷ್ಟು ಸೂಕ್ಷ್ಮವಾದ ಕಾನೂನಿನ ಪಾಯಿಂಟು ಅಂತ ಅದರ ಅರ್ಥ. ನಮ್ಮ ರುಬ್ಬೋ ನೈಸಿಗೆ ಹತ್ರ ಇರೋದು ಇದೊಂದೇ ಅನ್ಸತ್ತೆ, ಆದ್ರೆ ಅದು ಇದರಿಂದಾನೇ ಬಂತು ಅಂತ ನಾನು ಹೇಳ್ತಿಲ್ಲ. ವರ್ಡ್ ಆರಿಜಿನ್ ಬಾಕ್ಸ್ ತೆಗೆದ್ರೆ ಇನ್ನೂ ಮಜಾ, ಲ್ಯಾಟಿನ್‌ನ ನೆಸ್ಕಿಯಸ್, ಅಂದ್ರೆ ಏನೂ ತಿಳಿಯದವನು, ಅಲ್ಲಿಂದ ಹಳೇ ಫ್ರೆಂಚ್‌ಗೆ ಬಂದು ಮಧ್ಯಕಾಲದ ಇಂಗ್ಲಿಷಲ್ಲಿ ನೈಸ್ ಅಂದ್ರೆ ದಡ್ಡ ಅಂತಾನೇ ಇತ್ತು! ಆಮೇಲೆ ನಾಚಿಕೆ ಸ್ವಭಾವದವನು, ಆಮೇಲೆ ಎಲ್ಲದಕ್ಕೂ ಕೊಂಕು ತೆಗೆಯೋನು, ಆಮೇಲೆ ಸೂಕ್ಷ್ಮ, ಹಿಂಗೆ ಸುತ್ತಿ ಬಳಸಿ ಒಳ್ಳೇದು ಅನ್ನೋ ಕಡೆ ಬಂದು ನಿಂತಿದೆ.

ಪದೇಪದೇ ನೈಸ್ ನೈಸ್ ಅನ್ಬೇಡಿ, ರೂಮಿಗೆ ಕೋಝಿ, ಕಂಫರ್ಟಬಲ್ ಅಂತ ಏನಾದ್ರೂ ನಿಖರವಾಗಿ ಹೇಳಿ ಅಂತ ಒಂದು ಬಾಕ್ಸೂ ಇದೆ. ವಾಟ್ಸಾಪಲ್ಲಿ ಯಾರದೇ ಮನೆ ಫೋಟೋ ಬರ್ಲಿ, ಮಗು ಫೋಟೋ ಬರ್ಲಿ, ನೈಸ್ ಅಂತ ಒಂದು ಒತ್ತಿ ಸುಮ್ಮನಾಗೋರು ಓದ್ಬೇಕು.

ಸಾಲದು ಅನ್ಸಿದ್ದು ವ್ಯಂಗ್ಯದ ವಿಷಯದಲ್ಲಿ. ನೈಸ್ ಅಂದ್ರೆ ಕೆಟ್ಟದ್ದು ಅಂತಾನೂ ಅರ್ಥ ಕೊಟ್ಟಿದಾರೆ, ನಾವು 'ಭಾರೀ ಚೆನ್ನಾಗ್ ಮಾಡ್ದೆ ಬಿಡಪ್ಪ' ಅಂತೀವಲ್ಲ ಹಂಗೆ. ಆದ್ರೆ ಅದೆಲ್ಲ ಇರೋದು ಮಾತಾಡೋ ಧಾಟಿಯಲ್ಲಿ. ನೀಲಿ ಸ್ಪೀಕರ್ ಒತ್ತಿದ್ರೆ ಬ್ರಿಟಿಷ್, ಕೆಂಪು ಒತ್ತಿದ್ರೆ ಅಮೆರಿಕನ್ ಉಚ್ಚಾರಣೆ, ಎರಡ್ರಲ್ಲೂ ಬರಿ ಪದ ಕೇಳ್ಸತ್ತೆ ಹೊರತು ಯಾವಾಗ ಹೊಗಳಿಕೆ ಯಾವಾಗ ಬೈಗುಳ ಅಂತ ಅದ್ರಿಂದ ತಿಳಿಯಲ್ಲ. ವಿವರಣೆ ಎಲ್ಲಾ ಇಂಗ್ಲಿಷಲ್ಲೇ ಇರೋದ್ರಿಂದ ಈಗಷ್ಟೇ ಎಬಿಸಿಡಿ ಕಲ್ತವರಿಗೆ ಆಗ್ಬರಲ್ಲ, ಹೈಸ್ಕೂಲು ದಾಟಿದೋರಿಗೆ ಸರಿ.

ಪದ ಹುಡುಕೋಕೆ ದುಡ್ಡಿಲ್ಲ, ಲಾಗಿನ್ನೂ ಬೇಡ. ನೈಸ್ ಮುಗಿಸಿದೋರು ಮುಂದೆ ಫೈನ್ ಹುಡುಕಿ, ಹೆಲ್ಮೆಟ್ ಹಾಕದೆ ಕಟ್ಟೋ ಫೈನಿಗೆ ಅಲ್ಲಿ ಬೇರೆ ಎಂಟ್ರಿನೇ ಇದೆ.