ಸೀಲ್ ಆದದ್ದೋ, ಗ್ರೀಸ್ ಹೊಡೆಯುವುದೋ: ಡಾನಾ 30 ಮುಂದಿನ ಆಕ್ಸಲ್‌ನ ಬಾಲ್ ಜಾಯಿಂಟ್ ಹೋಲಿಕೆ

ಜೀಪ್ ಚೆರೋಕಿ ಎಕ್ಸ್‌ಜೆ ಮತ್ತು ರೂಬಿಕಾನ್ ಬಿಟ್ಟು ಉಳಿದ ರ‍್ಯಾಂಗ್ಲರ್ ಟಿಜೆ, ಎರಡರ ಮುಂದೂ ಇರುವುದು ಡಾನಾ 30 ಆಕ್ಸಲ್. ಅಮೆರಿಕದ ಟೊಲಿಡೊದಲ್ಲಿ ಎಕ್ಸ್‌ಜೆ ತಯಾರಿಕೆ 2001ಕ್ಕೆ ನಿಂತಿತು, ಟಿಜೆ 2006ಕ್ಕೆ. ಹಾಗಾಗಿ ಈಗ ಓಡುತ್ತಿರುವ ಗಾಡಿಗಳಲ್ಲಿ ಬಾಲ್ ಜಾಯಿಂಟ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಬಿಡುವ ಗುಂಡು-ಬಟ್ಟಲಿನ ಕೀಲು, ಪ್ರತಿ ಬದಿಗೆ ಮೇಲೊಂದು ಕೆಳಗೊಂದು) ಒಮ್ಮೆಯಾದರೂ ಬದಲಾಗಿರುತ್ತದೆ, ಇಲ್ಲವೇ ಬದಲಾಗಲೇಬೇಕಾದ ಸ್ಥಿತಿಗೆ ಬಂದಿರುತ್ತದೆ. ಊರಿನ ಹಳೇ ಸಿಜೆ-3ಬಿ ಅಥವಾ ಜಿಪ್ಸಿ ಬಿಚ್ಚಿ ಗೊತ್ತಿರುವವರಿಗೆ ಇದು ಬೇರೆ ಕೆಲಸ. ಅಲ್ಲಿ ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಗೂಟ) ಬೇರಿಂಗಿಗೆ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಬಿಗಿ ಹೊಂದಿಸುತ್ತೇವೆ. ಇಲ್ಲಿ ಹೊಂದಿಸುವುದಕ್ಕೇನೂ ಇಲ್ಲ, ಸವೆದದ್ದನ್ನು ಒತ್ತಿ ತೆಗೆದು ಹೊಸದನ್ನು ಒತ್ತಿ ಕೂರಿಸಬೇಕು.

ಮೊದಲು ತೊಂದರೆ ಜಾಯಿಂಟಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಆಕ್ಸಲ್ ಕೆಳಗೆ ಜ್ಯಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿ, ಟೈರಿನ ಅಡಿಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿ. ಇನ್ನೊಬ್ಬರು ನಕಲ್ (ಚಕ್ರವನ್ನು ಹೊತ್ತು ಸ್ಟೀರಿಂಗ್ ಜೊತೆ ತಿರುಗುವ ತುಂಡು) ಮತ್ತು ಆಕ್ಸಲ್ ತುದಿಯ ‘ಸಿ’ ಆಕಾರದ ಕವಲು ಸೇರುವ ಜಾಗದ ಮೇಲೆ ಕಣ್ಣಿಟ್ಟಿರಲಿ. ನಕಲ್ ಎದ್ದು ಕೂತರೆ ಬಾಲ್ ಜಾಯಿಂಟ್ ಹೋಗಿದೆ. ನಕಲ್ ಅಲುಗದೆ ಡಿಸ್ಕ್ ಮಾತ್ರ ಅಲುಗಿದರೆ ಅದು ಹಬ್ (ಚಕ್ರದ ನಡುಗುಂಬ) ಬೇರಿಂಗಿನ ಪ್ಲೇ, ಅಂದರೆ ಸಡಿಲ. ಸ್ಟೀರಿಂಗ್ ಗಡಗಡ ನಡುಗುತ್ತದೆ ಎಂಬ ಒಂದೇ ಕಾರಣಕ್ಕೆ ಬಾಲ್ ಜಾಯಿಂಟ್ ಬಿಚ್ಚಲು ಹೋಗಬೇಡಿ. ಮೊದಲು ಆಕ್ಸಲನ್ನು ಗಾಡಿಗೆ ಅಡ್ಡಲಾಗಿ ಹಿಡಿದಿಡುವ ಟ್ರ್ಯಾಕ್ ಬಾರ್‌ನ ಎರಡೂ ತುದಿ ನೋಡಿ. ಬಹಳ ಸಲ ರೋಗ ಅಲ್ಲೇ ಇರುತ್ತದೆ.

ಇನ್ನು ಯಾವುದನ್ನು ಹಾಕಬೇಕು? ಮೂರು ಬಗೆಯನ್ನೂ ಹಾಕಿ ನೋಡಿದ್ದೇವೆ.

ಒಂದು, ಒಳಗೆ ಪ್ಲಾಸ್ಟಿಕ್ ಲೈನರ್ ಇರುವ, ಪೂರ್ತಿ ಸೀಲ್ ಆದ ಜಾಯಿಂಟ್. ಸ್ಪೈಸರ್ ಹೆಸರಿನಲ್ಲಿ ಬರುವುದು ಈ ಜಾತಿಯದು. ಆಕ್ಸಲ್ ಮಾಡಿದ ಡಾನಾ ಕಂಪನಿಯದೇ ಬ್ರ್ಯಾಂಡ್. ಕೂರಿಸಿದ ದಿನದಿಂದಲೇ ಸ್ಟೀರಿಂಗ್ ಹಗುರ. ತಿರುವಿನಿಂದ ಹೊರಬಂದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳುತ್ತದೆ. ಇದರ ಕೊರತೆ ಒಂದೇ, ಬೂಟು (ಜಾಯಿಂಟಿನ ರಬ್ಬರ್ ಹೊದಿಕೆ) ಹರಿದರೆ ಕಥೆ ಮುಗಿಯಿತು. ಒಳಹೊಕ್ಕ ನೀರನ್ನು ಹೊರಗೆ ತಳ್ಳಲು ದಾರಿಯಿಲ್ಲ. ಗುಂಡು ತುಕ್ಕು ಹಿಡಿದು ಉಪ್ಪುಕಾಗದದ ಹಾಗೆ ಲೈನರನ್ನು ಉಜ್ಜಿ ತಿನ್ನುತ್ತದೆ.

ಎರಡು, ಲೋಹದ ಮೇಲೆ ಲೋಹ ಉಜ್ಜುವ, ಗ್ರೀಸ್ ನಿಪ್ಪಲ್ ಇರುವ ಜಾಯಿಂಟ್. ಹೊಸದರಲ್ಲಿ ಇದು ಬಿಗಿ. ಟೈ ರಾಡ್ (ಎರಡೂ ಮುಂಚಕ್ರವನ್ನು ಒಟ್ಟಿಗೆ ತಿರುಗಿಸುವ ಸರಳು) ಜೋಡಿಸುವ ಮುಂಚೆ ನಕಲನ್ನು ಕೈಯಲ್ಲಿ ತಿರುಗಿಸಿದರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ: ಸೀಲ್ ಆದದ್ದು ಒಂದೇ ಹದದಲ್ಲಿ ನುಣ್ಣಗೆ ತಿರುಗುತ್ತದೆ, ಇದಕ್ಕೆ ಭುಜ ಕೊಡಬೇಕು. ಕೆಲವು ನೂರು ಮೈಲಿ ಓಡಿದ ಮೇಲೆ ಸಡಿಲಗೊಳ್ಳುತ್ತದೆ, ಅಲ್ಲಿಯವರೆಗೆ ಸ್ಟೀರಿಂಗ್ ನೇರಕ್ಕೆ ಬರಲು ಸೋಮಾರಿತನ ಮಾಡುತ್ತದೆ. ಲಾಭ ಕಾಣುವುದು ಕೆಸರು, ನೀರಿನಲ್ಲಿ ಇಳಿದು ಬಂದ ಮೇಲೆ. ಗ್ರೀಸ್ ಗನ್ ಹಚ್ಚಿದರೆ ಕೊಳೆ ಗ್ರೀಸ್ ಬೂಟಿನ ಅಂಚಿನಿಂದ ಹೊರಬಂದು, ಹಿಂದೆಯೇ ಹೊಸದು ಇಣುಕುತ್ತದೆ. ಆದರೆ ಪೆಟ್ಟಿಗೆಯಲ್ಲಿ ಬರುವಾಗ ಒಳಗಿರುವುದು ಹೆಸರಿಗಷ್ಟೇ ಗ್ರೀಸ್. ಗಾಡಿ ಇಳಿಸುವ ಮುಂಚೆಯೇ, ಬೂಟು ಸ್ವಲ್ಪ ಉಬ್ಬುವಷ್ಟು ತುಂಬಬೇಕು. ಆಮೇಲೆ ಪ್ರತಿ ಸಲ ಎಂಜಿನ್ ಆಯಿಲ್ ಬದಲಿಸುವಾಗಲೂ ಹೊಡೆಯಬೇಕು. ಕೆಳಗಿನ ಜಾಯಿಂಟಿನ ನಿಪ್ಪಲ್ ಆಕ್ಸಲ್ ಶಾಫ್ಟಿನ ಯು-ಜಾಯಿಂಟಿಗೆ (ಶಾಫ್ಟ್ ಬಾಗಿದಾಗಲೂ ಸುತ್ತಲು ಬಿಡುವ ಕೀಲು) ಹತ್ತಿರ ಬರುತ್ತದೆ. ಎರಡೂ ಬದಿಗೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ಶಾಫ್ಟನ್ನು ಸುತ್ತಿಸಿ ನೋಡಿ. ತಾಗುವಂತಿದ್ದರೆ ಗ್ರೀಸ್ ತುಂಬಿದ ಮೇಲೆ ನಿಪ್ಪಲ್ ತೆಗೆದು ಪ್ಲಗ್ ಹಾಕಿ.

ಮೂರು, ನಾಲ್ಕೂ ಸೇರಿ ಒಂದು ಒಳ್ಳೆಯ ಜಾಯಿಂಟಿನ ಬೆಲೆಗೆ ಸಿಗುವ ಹೆಸರಿಲ್ಲದ ಸೆಟ್. ಇದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬೂಟಿನ ರಬ್ಬರ್ ಕ್ಲಿಪ್ಪಿನ ಬುಡದಲ್ಲೇ ಸೀಳುತ್ತದೆ. ಅದಕ್ಕಿಂತ ಕೆಟ್ಟದ್ದು, ಬಾಡಿಯ ಅಳತೆ ಒಂದರಂತೆ ಒಂದಿರುವುದಿಲ್ಲ. ಒಂದು ಬಿಗಿಯಾಗಿ ಕೂರುತ್ತದೆ, ಇನ್ನೊಂದು ಜಾರಿಕೊಂಡು ಹೋಗುತ್ತದೆ. ಹಣ ಉಳಿಯಿತು ಎನ್ನುವ ಹೊತ್ತಿಗೆ ಅದೇ ಕೆಲಸ ಎರಡನೇ ಸಲ ಮಾಡಬೇಕಾಗುತ್ತದೆ.

ನಮ್ಮ ಮಟ್ಟಿಗೆ, ದಿನಾ ಕೆಲಸಕ್ಕೆ ಓಡುವ ಗಾಡಿಗೆ ಸೀಲ್ ಆದದ್ದೇ ಸರಿ. ಕೆಸರಿಗೆ, ಹೊಳೆಗೆ ಇಳಿಯುವ ಗಾಡಿಗೆ ನಿಪ್ಪಲ್ ಇರುವುದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ ಕಡೆ ಇರುವ ಕನ್ನಡಿಗರೂ ಗ್ರೀಸ್ ಗನ್ ಕೈಗೆತ್ತಿಕೊಳ್ಳುವ ಅಭ್ಯಾಸ ಇದ್ದರೆ ಎರಡನೆಯದನ್ನೇ ಹಾಕಿ. ಅಭ್ಯಾಸ ಇಲ್ಲದಿದ್ದರೆ ಬೇಡವೇ ಬೇಡ. ಒಣಗಿದ ಲೋಹದ ಜಾಯಿಂಟ್ ಸೀಲ್ ಆದದ್ದಕ್ಕಿಂತ ಬೇಗ ಸವೆಯುತ್ತದೆ.

ಯಾವುದನ್ನೇ ಕೊಂಡರೂ ಅದರ ಆಯಸ್ಸು ನಿಂತಿರುವುದು ಕೂರಿಸುವ ರೀತಿಯ ಮೇಲೆ. ಸುತ್ತಿಗೆಯೋ ಸಿ-ಪ್ರೆಸ್ಸೋ (ಸ್ಕ್ರೂ ತಿರುಗಿಸಿ ಒತ್ತುವ ಸಿ ಆಕಾರದ ಸಲಕರಣೆ) ಎಂಬ ವಾದದಲ್ಲಿ ನಮಗೆ ಅನುಮಾನವೇ ಇಲ್ಲ. ಹಳೆಯದನ್ನು ತೆಗೆಯಲು ಸುತ್ತಿಗೆ ನಡೆದೀತು, ಹೊಸದನ್ನು ಕೂರಿಸಲು ಪ್ರೆಸ್ಸೇ ಬೇಕು. ಏಟು ಬಿದ್ದರೆ ಜಾಯಿಂಟ್ ಓರೆಯಾಗಿ ಇಳಿದು ‘ಸಿ’ಯ ರಂಧ್ರವನ್ನು ಕೆರೆದುಬಿಡುತ್ತದೆ. ಆ ರಂಧ್ರ ಒಮ್ಮೆ ಸಡಿಲಾದರೆ ಮುಂದೆ ಯಾವ ಜಾಯಿಂಟೂ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಪ್ರೆಸ್ ಎರವಲು ಕೊಡುತ್ತವೆ. ತಂದ ಕೂಡಲೇ ಅದರ ಸ್ಕ್ರೂಗೆ ಗ್ರೀಸ್ ಸವರಿ, ಉದ್ದ ಹಿಡಿಯ ಬ್ರೇಕರ್ ಬಾರಿನಲ್ಲಿ ತಿರುಗಿಸಿ. ಇಂಪ್ಯಾಕ್ಟ್ ಗನ್ ಹಚ್ಚಿದರೆ ಥ್ರೆಡ್ ಎದ್ದುಬರುತ್ತದೆ.

ಬಿಚ್ಚುವ ಕ್ರಮ: ಗಾಡಿ ನೆಲದ ಮೇಲಿರುವಾಗಲೇ 36 ಎಂಎಂ ಸಾಕೆಟ್ಟಿನಲ್ಲಿ ಹಬ್ ನಟ್ ಸಡಿಲಿಸಿ. ಚಕ್ರ, ಕ್ಯಾಲಿಪರ್, ಡಿಸ್ಕ್ ತೆಗೆಯಿರಿ. ಕ್ಯಾಲಿಪರನ್ನು ಹೋಸಿನಿಂದ ನೇತುಬಿಡದೆ ತಂತಿಯಲ್ಲಿ ಕಟ್ಟಿ. ಎಬಿಎಸ್ ಇದ್ದರೆ ಸೆನ್ಸರ್ ತಂತಿಯನ್ನೂ ಬಿಡಿಸಿಕೊಳ್ಳಿ. ಹಬ್ಬಿನ ಮೂರು ಬೋಲ್ಟ್ 13 ಎಂಎಂ, ಹನ್ನೆರಡು ಮೂಲೆಯ ತಲೆ. ತುಕ್ಕಿಗೆ ಹಬ್ ಅಂಟಿಕೊಂಡಿದ್ದರೆ ಬೋಲ್ಟುಗಳನ್ನು ಐದಾರು ಎಂಎಂ ಮಾತ್ರ ಸಡಿಲಿಸಿ, ಒಂದಾದ ಮೇಲೊಂದರ ತಲೆಗೆ ಹೊಡೆಯುತ್ತಾ ಸಮನಾಗಿ ಹೊರಗೆ ತನ್ನಿ. ಆಕ್ಸಲ್ ಶಾಫ್ಟನ್ನು ನೇರವಾಗಿ ಎಳೆಯಿರಿ. ಅದರ ಸ್ಪ್ಲೈನ್ (ತುದಿಯ ಹಲ್ಲು) ಒಳಗಿನ ಆಯಿಲ್ ಸೀಲಿನ ಮೇಲೆ ಭಾರ ಬಿಟ್ಟರೆ ಸೀಲ್ ಸೀಳಿ, ಡಿಫರೆನ್ಷಿಯಲ್ ಎಣ್ಣೆ ಸೋರಲು ಶುರುವಾಗುತ್ತದೆ. ಸೀಲ್ ಬದಲಿಸಲು ಡಿಫರೆನ್ಷಿಯಲ್ಲನ್ನೇ ಹೊರತೆಗೆಯಬೇಕು.

ಟೈ ರಾಡ್ ಬಿಡಿಸಿ. ಅದನ್ನೇ ಮತ್ತೆ ಹಾಕುವುದಾದರೆ ಫೋರ್ಕ್ (ಸಂದಿಗೆ ಹೊಡೆದು ಬಿಡಿಸುವ ಕವಲು ಬೆಣೆ) ಬಳಸಬೇಡಿ, ಬೂಟು ಹರಿಯುತ್ತದೆ. ಬಾಲ್ ಜಾಯಿಂಟಿನ ಎರಡೂ ನಟ್‌ಗಳನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿ, ನಕಲಿನ ಬದಿಗೆ ಗಟ್ಟಿಯಾಗಿ ಹೊಡೆಯಿರಿ. ಟೇಪರ್ (ಜಾಯಿಂಟಿನ ತುದಿಗೆ ಕಿರಿದಾಗುವ ಕಡ್ಡಿ) ಬಿಟ್ಟಾಗ ನಕಲ್ ಕಾಲ ಮೇಲೆ ಬೀಳದೆ ನಟ್ಟಿನ ಮೇಲೆ ನಿಲ್ಲುತ್ತದೆ.

ಜಾಯಿಂಟ್‌ಗಳು ಇರುವುದು ‘ಸಿ’ಯಲ್ಲಿ, ಎರಡರ ಕಡ್ಡಿಯೂ ಕೆಳಮುಖ. ಆದ್ದರಿಂದ ಹಳೆಯದನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ತೆಗೆಯಬೇಕು, ಹೊಸದನ್ನು ಮೇಲಿನಿಂದ ಕೆಳಕ್ಕೆ ಒತ್ತಬೇಕು. ರಂಧ್ರವನ್ನು ತಂತಿ ಬ್ರಷ್‌ನಿಂದ ಉಜ್ಜಿ ಹೊಳೆಯುವಂತೆ ಮಾಡಿ. ಹೊಸ ಜಾಯಿಂಟನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟರೆ ಒತ್ತುವುದು ಹಗುರ. ಪ್ರೆಸ್ಸಿನ ಬಟ್ಟಲು ಜಾಯಿಂಟಿನ ಅಂಚಿನ ಮೇಲೆ ಕೂರಬೇಕು. ನಡುವಿನ ಮುಚ್ಚಳದ ಮೇಲೆ ಕೂತರೆ ಮುಚ್ಚಳ ತಗ್ಗಿ, ಹೊಸ ಜಾಯಿಂಟ್ ಅಲ್ಲೇ ಸತ್ತಿತು. ‘ಸಿ’ಯ ಕಿವಿ ಸ್ವಲ್ಪ ಓರೆ ಇರುವುದರಿಂದ ಪ್ರತಿ ಅರ್ಧ ಸುತ್ತಿಗೊಮ್ಮೆ ನಿಂತು ಸುತ್ತಲೂ ಸಮ ಇಳಿಯುತ್ತಿದೆಯೇ ನೋಡಿ. ಕೊನೆಗೆ ಅಂಚಿನಡಿ ತೆಳುವಾದ ಫೀಲರ್ ಗೇಜ್ ಕೂಡ ತೂರಬಾರದು. ಕೈಯಲ್ಲಿ ತಳ್ಳಿದರೇ ಒಳಹೋಗುವಷ್ಟು ರಂಧ್ರ ಸವೆದಿದ್ದರೆ, ಹೊರಮೈ ಮೇಲೆ ಗೆರೆ ಕೊಚ್ಚಿದ ಜಾಯಿಂಟ್ ತರಿಸಿ. ಕೆಲವರು ವೆಲ್ಡಿಂಗ್ ಚುಕ್ಕೆ ಇಡುತ್ತಾರೆ. ಆ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ, ಬೂಟೂ ಉಳಿಯುವುದಿಲ್ಲ.

ನಕಲ್ ಏರಿಸಿ ಮೊದಲು ಕೆಳಗಿನ ನಟ್ 109 ನ್ಯೂಟನ್ ಮೀಟರ್, ಆಮೇಲೆ ಮೇಲಿನದು 101. ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ನಟ್ ಇನ್ನಷ್ಟು ಬಿಗಿ ಮಾಡಿ ಹೊಂದಿಸಿ, ಹಿಂದಕ್ಕೆ ಸಡಿಲಿಸಿದರೆ ಟೇಪರ್ ಹಿಡಿತ ತಪ್ಪುತ್ತದೆ. ಹಬ್ ಬೋಲ್ಟ್ 102, ಹಬ್ ನಟ್ 237. ಹಬ್ ಕೂರುವ ಮುಖಕ್ಕೆ ಆ್ಯಂಟಿ-ಸೀಜ್ ಸವರಿಟ್ಟರೆ ಮುಂದಿನ ಸಲ ಸುತ್ತಿಗೆ ಬೇಕಾಗುವುದಿಲ್ಲ. ಎಲ್ಲ ಜೋಡಿಸಿದ ಮೇಲೆ ಡಿಫರೆನ್ಷಿಯಲ್ ಎಣ್ಣೆಯ ಮಟ್ಟ ನೋಡಿ, ಟೋ (ಮುಂಚಕ್ರಗಳು ಒಳಕ್ಕೋ ಹೊರಕ್ಕೋ ಓರೆಯಾಗಿರುವ) ಅಳತೆ ಸರಿಮಾಡಿಸಿ. ವಾರ ಬಿಟ್ಟು ಮತ್ತೆ ಟೈರಿನಡಿ ಹಾರೆ ಕೊಟ್ಟು ಮೀಟಿ ನೋಡಿ.