ಗೇಟಿನಲ್ಲಿ ಬಿಗಿ, ಮೆಸ್ಸಿನಲ್ಲಿ ಸಡಿಲ: ಕಾಲೇಜು ಮತ್ತೆ ತೆರೆದಾಗಿನ ಕೋವಿಡ್ ನಿಯಮಗಳ ವಿಮರ್ಶೆ

2020ರ ಮಾರ್ಚ್ ಮಧ್ಯದಲ್ಲಿ ಬೀಗ ಬಿದ್ದ ಕರ್ನಾಟಕದ ಪದವಿ, ಡಿಪ್ಲೊಮಾ, ಎಂಜಿನಿಯರಿಂಗ್ ಕಾಲೇಜುಗಳು ಮತ್ತೆ ಬಾಗಿಲು ತೆರೆದದ್ದು ಅದೇ ವರ್ಷ ನವೆಂಬರ್ 17ಕ್ಕೆ. ಅದಕ್ಕೆ ಹನ್ನೆರಡು ದಿನ ಮೊದಲು, ನವೆಂಬರ್ 5ರಂದು, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತನ್ನ ಮಾರ್ಗಸೂಚಿ ಹೊರಡಿಸಿತ್ತು. ಸೆಪ್ಟೆಂಬರ್‌ನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯದ್ದು ಬಂದಿತ್ತು. ಇವೆರಡರ ಮೇಲೆ ರಾಜ್ಯದ ಸುತ್ತೋಲೆ. ಮೂರನ್ನೂ ಟ್ಯಾಗ್ ಹಾಕಿ ಕಟ್ಟಿದ ಫೈಲು ಎಷ್ಟೋ ಕಾಲೇಜುಗಳ ಕಚೇರಿ ಬೀರುವಿನಲ್ಲಿ ಈಗಲೂ ಕೂತಿದೆ. ಇಂಥದ್ದೇ ಇನ್ನೊಂದು ರೋಗ ಬಂದರೆ ಮೊದಲು ಕೈಗೆ ಸಿಗುವುದೂ ಆ ಫೈಲೇ. ಅದರ ಯಾವ ಹಾಳೆ ಇಟ್ಟುಕೊಳ್ಳಬೇಕು, ಯಾವುದನ್ನು ಕಿತ್ತು ಹಾಕಬೇಕು ಎಂದು ತಲೆ ತಣ್ಣಗಿರುವಾಗಲೇ ನೋಡಿಡುವುದು ವಾಸಿ.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ನಿಯಮ ಮಾಡಿದವರ ಕಣ್ಣು ಗೇಟಿನ ಮೇಲಿತ್ತು. ಸೋಂಕು ಹರಡಿದ್ದು ಗೇಟು ದಾಟಿದ ಮೇಲೆ, ಮಾಸ್ಕ್ ಕೆಳಗಿಳಿಯುವ ಜಾಗಗಳಲ್ಲಿ.

ಮೊದಲ ಅಡ್ಡಗಟ್ಟೆ, 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಮತ್ತು ಪೋಷಕರ ಒಪ್ಪಿಗೆ ಪತ್ರ. ವರದಿ ಹೇಳುವುದು ಸ್ವಾಬ್ ಕೊಟ್ಟ ಗಳಿಗೆಯ ಸ್ಥಿತಿಯನ್ನು ಮಾತ್ರ. ಸೋಂಕು ತಗುಲಿ ಲಕ್ಷಣ ಕಾಣಲು ಸರಾಸರಿ ಐದು ದಿನ, ಹೆಚ್ಚೆಂದರೆ ಹದಿನಾಲ್ಕು ದಿನ ಎಂಬುದು ಆಗಲೇ ಗೊತ್ತಿತ್ತು. ಊರಿನ ಆಸ್ಪತ್ರೆಯಲ್ಲಿ ಸೋಮವಾರ ಸ್ವಾಬ್ ಕೊಟ್ಟು, ಬುಧವಾರ ವರದಿ ಬಂದು, ರಾತ್ರಿ ಬಸ್ಸಿನಲ್ಲಿ ಕೂತು ಗುರುವಾರ ಬೆಳಿಗ್ಗೆ ಗೇಟಿಗೆ ಬಂದ ವಿದ್ಯಾರ್ಥಿಯ ಕಾಗದ ನಿಯಮದ ಪ್ರಕಾರ ಸರಿಯೇ. ಆದರೆ ಆ ಬಸ್ಸಿನ ಎಂಟು ಗಂಟೆ ಯಾವ ಕಾಗದದಲ್ಲೂ ಇಲ್ಲ. ಇದನ್ನು ಯುಜಿಸಿ ಅರಿತೇ ಬರೆದಿತ್ತು: ಬೇರೆ ಬೇರೆ ಊರುಗಳಿಂದ ಹಾಸ್ಟೆಲಿಗೆ ಬರುವವರು ನೆಗೆಟಿವ್ ವರದಿ ತಂದರೂ 14 ದಿನ ಪ್ರತ್ಯೇಕವಾಗಿದ್ದು ಆರೋಗ್ಯ ಗಮನಿಸಿಕೊಳ್ಳಬೇಕು ಎಂದು. ಅದರ ಪಕ್ಕದಲ್ಲೇ 'ಅಥವಾ ರಾಜ್ಯ ಸರ್ಕಾರದ ನೀತಿಯಂತೆ' ಎಂಬ ಬಾಲಂಗೋಚಿಯನ್ನೂ ಅಂಟಿಸಿತು. 14 ದಿನಕ್ಕಿಂತ ಒಂದು ಹಾಳೆ ಸಲೀಸು. ಎಲ್ಲರೂ ಹಾಳೆಯನ್ನೇ ಹಿಡಿದರು. ಒಪ್ಪಿಗೆ ಪತ್ರವಂತೂ ರೋಗ ತಡೆಯುವ ಸಾಧನವೇ ಅಲ್ಲ, ನಾಳೆ ಏನಾದರೂ ಆದರೆ ಆಡಳಿತ ಮಂಡಳಿ ಹಿಡಿದುಕೊಳ್ಳುವ ಕೊಡೆ.

ಥರ್ಮಲ್ ಗನ್ ಬಗ್ಗೆ ಕಟುವಾಗಿಯೇ ಹೇಳಬೇಕು. ಹೆಚ್ಚಿನ ಮಾದರಿಗಳನ್ನು ಹಣೆಯಿಂದ 3ರಿಂದ 5 ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕು. ಗೇಟಿನಲ್ಲಿ ನಡೆದದ್ದು ಒಂದು ಅಡಿ ದೂರದಿಂದ, ಅದೂ ಮಣಿಕಟ್ಟಿಗೆ. ಹೆಲ್ಮೆಟ್ ತೆಗೆದ ಬೆವರು ಹಣೆ ಕಡಿಮೆ ತೋರಿಸುತ್ತದೆ, ಬಿಸಿಲಲ್ಲಿ ಸಾಲು ನಿಂತ ಹಣೆ ಹೆಚ್ಚು ತೋರಿಸುತ್ತದೆ. ಎಸಿ ಕೋಣೆಯಲ್ಲಿದ್ದ ಗನ್ನನ್ನು ಹೊರಗೆ ತಂದು ಕಾಲು ಗಂಟೆಯಾದರೂ ಬಿಡದೆ ಬಳಸಿದರೆ ಅಂಕಿ ನಂಬುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಮೋಡ್ ಗುಂಡಿಯದ್ದು. ಅದು ದೇಹದ ಬದಲು ವಸ್ತುವಿನ ಮೇಲ್ಮೈ ಅಳೆಯುವ ಮೋಡಿನಲ್ಲಿದ್ದರೆ ಚರ್ಮದ ಬಿಸಿಯನ್ನಷ್ಟೇ ತೋರಿಸುತ್ತದೆ, 91, 92, 93 ಫ್ಯಾರನ್‌ಹೀಟ್. ಇಡೀ ಪುಟದಲ್ಲಿ ಒಬ್ಬರದ್ದೂ 94 ದಾಟಿಲ್ಲ ಎಂದರೆ ಆ ರಿಜಿಸ್ಟರ್ ಅಳೆದದ್ದು ಗನ್ನಿನ ಮೋಡನ್ನು, ಮಕ್ಕಳ ಜ್ವರವನ್ನಲ್ಲ. ಇಷ್ಟೆಲ್ಲ ಸರಿ ಮಾಡಿದರೂ, ಲಕ್ಷಣ ಕಾಣುವ ಎರಡು ದಿನ ಮೊದಲೇ ಹರಡುವ ಸೋಂಕಿಗೆ ಇದು ಬಲೆಯಲ್ಲ. ಮನೆಯಲ್ಲೇ ಒಂದು ಡೋಲೋ ನುಂಗಿ ಬಂದವರಿಗಂತೂ ಅಲ್ಲವೇ ಅಲ್ಲ. ಗೇಟಿನಲ್ಲಿ ಗನ್ ಹಿಡಿದು ನಿಂತ ಅಟೆಂಡರನ್ನು ಒಳಗೆ ಕಿಟಕಿ ತೆರೆಸುವ ಕೆಲಸಕ್ಕೆ ಹಾಕಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು.

ಸ್ಯಾನಿಟೈಸರ್ ವಿಷಯದಲ್ಲಿ ಕಾಲೇಜುಗಳ ಕೈಯಲ್ಲೇ ಒಂದು ಒಳ್ಳೆಯ ಅವಕಾಶವಿತ್ತು, ರಸಾಯನಶಾಸ್ತ್ರ ವಿಭಾಗ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಸರಳ. 10 ಲೀಟರಿಗೆ 96 ಶೇಕಡಾದ ಎಥನಾಲ್ 8,333 ಮಿಲಿ, 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿ, ಗ್ಲಿಸರಾಲ್ 145 ಮಿಲಿ, ಉಳಿದಂತೆ ಕುದಿಸಿ ಆರಿಸಿದ ನೀರು. ಐಸೊಪ್ರೊಪೈಲ್ ಆದರೆ 99.8 ಶೇಕಡಾದ್ದು 7,515 ಮಿಲಿ, ಮಿಕ್ಕದ್ದು ಹಾಗೆಯೇ. ಕ್ಯಾನಿಗೆ ತುಂಬಿ ಮುಚ್ಚಿ 72 ಗಂಟೆ ಮುಟ್ಟಬಾರದು. ಬಾಟಲಿ, ಆಲ್ಕೋಹಾಲಿನಲ್ಲಿ ಉಳಿದ ಬೀಜಾಣುಗಳನ್ನು ಪೆರಾಕ್ಸೈಡ್ ಕೊಲ್ಲಲು ಅಷ್ಟು ಹೊತ್ತು ಬೇಕು. ಕೆಡುವುದು ಎಲ್ಲಿ ಎಂದರೆ, ಮೊದಲೇ 70ಕ್ಕೆ ಇಳಿಸಿದ ಆಲ್ಕೋಹಾಲನ್ನು 96 ಎಂದುಕೊಂಡು ಮತ್ತೆ ನೀರು ಬೆರೆಸುವಲ್ಲಿ. ಆಗ ಬಾಟಲಿಯಲ್ಲಿರುವುದು 60ಕ್ಕಿಂತ ಕೆಳಗಿನ, ವಾಸನೆ ಮಾತ್ರ ಗಟ್ಟಿಯಾದ ನೀರು. ಮಿಶ್ರಣ ಆದಮೇಲೆ ಆಲ್ಕೋಹಾಲ್‌ಮಾಪಕ ಇಳಿಬಿಟ್ಟು, ಎಥನಾಲಿನದ್ದಾದರೆ 80ರ ಆಸುಪಾಸಿದೆಯೇ ನೋಡುವುದು ಎರಡು ನಿಮಿಷದ ಕೆಲಸ. ಗ್ಲಿಸರಾಲ್ ಜಾಸ್ತಿಯಾದರೆ ಕೈ ಅಂಟಂಟು, ಬಿಟ್ಟರೆ ಚರ್ಮ ಬಿರಿಯುತ್ತದೆ, ಎರಡರಲ್ಲೂ ಜನ ಬಳಸುವುದನ್ನು ನಿಲ್ಲಿಸುತ್ತಾರೆ. ಪ್ರಯೋಗಾಲಯದ ಬಾಗಿಲಲ್ಲಿ ಮಾತ್ರ ಸ್ಯಾನಿಟೈಸರ್ ಬೇಡ, ಸೋಪು ನೀರು ಇರಲಿ. ಒದ್ದೆ ಕೈಯಲ್ಲಿ ಬನ್ಸೆನ್ ಬರ್ನರ್ ಹಚ್ಚುವವರು ಇದ್ದೇ ಇರುತ್ತಾರೆ.

ಕಾಲಿನಿಂದ ಒತ್ತುವ ಸ್ಟ್ಯಾಂಡು ಕಾಗದದ ಮೇಲೆ ಚೆನ್ನ. ಆದರೆ ಅದರೊಳಗಿನ ಸರಳು ಬಾಟಲಿಯ ಎತ್ತರಕ್ಕೆ ತಕ್ಕ ಹಾಗಿರಬೇಕು. ಅರ್ಧ ಲೀಟರಿನ ಬಾಟಲಿ ಮುಗಿದು ಬೇರೆ ಕಂಪನಿಯದ್ದು ಇಟ್ಟ ದಿನ ಪೆಡಲ್ ಒತ್ತಿದರೆ ಗಾಳಿ. ಜೆಲ್ ಹಾಕಿದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಒಂದು ಸಲಕ್ಕೆ ಸುಮಾರು 3 ಮಿಲಿ ಬಿದ್ದು, ಕೈ 20ರಿಂದ 30 ಸೆಕೆಂಡ್ ಒದ್ದೆಯಿದ್ದರೆ ಮಾತ್ರ ಅದು ಕೆಲಸ ಮಾಡಿದಂತೆ.

ಸಿಂಪಡಣೆಯ ಬಗ್ಗೆ ಚುಟುಕಾಗಿ. ಜನರ ಮೇಲೆ ರಾಸಾಯನಿಕ ಸಿಂಪಡಿಸಬಾರದೆಂದು ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಜನರನ್ನು ಹಾಯಿಸಿ ಸೋಂಕುನಿವಾರಕ ಸಿಂಪಡಿಸುವ ಸುರಂಗಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸುರಂಗಕ್ಕೆ ಹಾಕಿದ ದುಡ್ಡು ನೀರಿಗೆ ಹಾಕಿದಂತೆ. ನೆಲ, ಡೆಸ್ಕು ಒರೆಸಲು 1 ಶೇಕಡಾ ಹೈಪೊಕ್ಲೋರೈಟ್ (ಬ್ಲೀಚ್ ದ್ರಾವಣ) ಸಾಕು. 5 ಶೇಕಡಾದ ದ್ರಾವಣ ತಂದಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಬ್ಲೀಚಿಂಗ್ ಪೌಡರ್ ಆದರೆ 30 ಶೇಕಡಾ ಕ್ಲೋರಿನ್ ಇರುವ ಹೊಸ ಚೀಲದ್ದು 10 ಲೀಟರಿಗೆ 330 ಗ್ರಾಂ. ಮೊದಲು ಸ್ವಲ್ಪ ನೀರಲ್ಲಿ ಕಲಸಿ, ಉಳಿದ ನೀರು ಸೇರಿಸಿ, ತಳ ನಿಂತ ಮೇಲೆ ಮೇಲಿನ ತಿಳಿ ಬಳಸಬೇಕು. ಅಂದಿನದು ಅಂದಿಗೇ. ಒರೆಸಿ ಹತ್ತು ನಿಮಿಷ ಹಾಗೇ ಬಿಡಬೇಕು. ಕಬ್ಬಿಣದ ಚಿಲಕ, ಕಂಪ್ಯೂಟರ್ ಕೀಲಿಮಣೆಗೆ ಇದು ಬೇಡ, ಅವಕ್ಕೆ ಆಲ್ಕೋಹಾಲ್. ಶೌಚಾಲಯದ ಆಸಿಡ್ ಜೊತೆ ಬೆರೆಯಿತೋ, ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಸ್ವಚ್ಛತೆಯ ಸಿಬ್ಬಂದಿಗೆ ಇದನ್ನು ಸುತ್ತೋಲೆ ಓದಿ ಹೇಳಿದರೆ ಸಾಲದು, ಎರಡು ಬೇರೆ ಬಣ್ಣದ ಬಕೆಟ್ ಕೊಡಬೇಕು.

ಇನ್ನು ತರಗತಿ. ಇಲ್ಲಿ ನಿಯಮಕ್ಕೆ ನಿಯಮವೇ ಅಡ್ಡ ಬಂತು. ಒಂದು ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರಬಾರದು ಎಂದು ಒಂದು ಕಡೆ, ಆರು ಅಡಿ ಅಂತರ ಎಂದು ಇನ್ನೊಂದು ಕಡೆ. ಟೇಪು ಹಿಡಿದು ನೋಡಿ. 30 ಅಡಿಗೆ 24 ಅಡಿಯ ಕೋಣೆ, ಮಾಮೂಲಿಗೆ 60 ಮಂದಿ. ಅರ್ಧ ಎಂದರೆ 30. ಕಪ್ಪುಹಲಗೆ ಕಡೆ 6 ಅಡಿ ಬಿಟ್ಟರೆ ಉಳಿಯುವುದು 24ಕ್ಕೆ 24. ಗೋಡೆ ಪಕ್ಕ, ಬಾಗಿಲ ದಾರಿ ಕಳೆದು ಆರಾರು ಅಡಿಗೆ ಒಬ್ಬರನ್ನು ಕೂರಿಸಿದರೆ 16ರಿಂದ 20. ಉಳಿದ ಹತ್ತು ಹದಿನಾಲ್ಕು ಮಂದಿ ಎಲ್ಲಿ? ಅಂತರ ಮೂರು ಅಡಿಗೆ ಇಳಿಯುತ್ತದೆ, ಬೆಂಚಿನ ಎರಡು ತುದಿಗೆ ಇಬ್ಬರು ಕೂರುತ್ತಾರೆ, ನಡುವೆ ಸುಣ್ಣದ ಗುಣಾಕಾರ ಚಿಹ್ನೆ. ವಾರಕ್ಕೆ ಆರು ದಿನ, ದಿನದ ಅವಧಿ ಹೆಚ್ಚಿಸಿ ಎಂದು ಯುಜಿಸಿ ಹೇಳಿದ್ದು ಇದಕ್ಕೇ. ಆದರೆ ಅದೇ ಅಧ್ಯಾಪಕರು ಒಂದೇ ಪಾಠವನ್ನು ಮೂರು ತಂಡಕ್ಕೆ, ಮೇಲೆ ಆನ್‌ಲೈನ್‌ನವರಿಗೂ ಮಾಡಬೇಕು ಎಂಬ ಲೆಕ್ಕ ಯಾರೂ ಹಾಕಲಿಲ್ಲ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ಕಾಲೇಜುಗಳಲ್ಲಿ ಇದು ಆಗುವ ಮಾತಲ್ಲ.

ಅಂತರಕ್ಕಿಂತ ಮುಖ್ಯವಾದದ್ದು ಗಾಳಿ, ಫೈಲಿನಲ್ಲಿ ಅದರ ಪಾಲು ಎರಡು ಸಾಲು. ಎಸಿ 24ರಿಂದ 30 ಡಿಗ್ರಿ, ತೇವಾಂಶ 40ರಿಂದ 70 ಶೇಕಡಾ, ಹೊರಗಾಳಿ ಸಾಧ್ಯವಾದಷ್ಟು, ಅಷ್ಟೇ. ಸಣ್ಣ ಹನಿಗಳು ಗಾಳಿಯಲ್ಲಿ 10 ಮೀಟರ್‌ವರೆಗೂ ಹೋಗಬಲ್ಲವು, ಕಿಟಕಿ ಬಾಗಿಲು ತೆರೆಯಿರಿ ಎಂದು ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಬಿಡಿಸಿ ಹೇಳಿದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆ ಮೈಮೇಲೆ ಬಂದಾದ ಮೇಲೆ.

ಕೋಣೆಯ ಗಾಳಿ ಹಳಸಿದೆಯೇ ಎಂದು ತಿಳಿಯಲು ಇಂಗಾಲದ ಡೈಆಕ್ಸೈಡ್ ಮೀಟರ್ ಇದೆ. ಹೊರಗೆ ಅದು 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಚಿಲ್ಲರೆ. ಕೋಣೆಯಲ್ಲಿ 800ರ ಒಳಗಿದ್ದರೆ ನೆಮ್ಮದಿ, 1000 ದಾಟಿದರೆ ಏನಾದರೂ ತೆರೆಯಬೇಕು. ಮೇಲೆ ಹೇಳಿದ ಅಳತೆಯ, 11 ಅಡಿ ಎತ್ತರದ ಕೋಣೆಯಲ್ಲಿ ಕಿಟಕಿ ಬಾಗಿಲು ಪೂರಾ ಮುಚ್ಚಿ 40 ಮಂದಿ ಕೂತರೆ ಮುಕ್ಕಾಲು ಗಂಟೆಯೊಳಗೆ 2000 ದಾಟುವ ಲೆಕ್ಕ. ಕೊಳ್ಳುವಾಗ ಎನ್‌ಡಿಐಆರ್ ಸೆನ್ಸರ್ (ಅವಕೆಂಪು ಬೆಳಕಿನಿಂದ ಅಳೆಯುವಂಥದ್ದು) ಇರುವುದನ್ನೇ ಕೇಳಿ. ಅಗ್ಗದ ಕೆಲವು ಮೀಟರುಗಳು ಇಂಗಾಲದ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ, ಬೇರೆ ಆವಿಗಳನ್ನು ಮೂಸಿ ಅಂದಾಜು ಅಂಕಿ ತೋರಿಸುತ್ತವೆ. ಪರೀಕ್ಷೆ ಸುಲಭ: ಕೈಗೆ ಸ್ಯಾನಿಟೈಸರ್ ಹಚ್ಚಿ ಮೀಟರಿನ ಹತ್ತಿರ ಹಿಡಿಯಿರಿ. ಅಂಕಿ ಒಮ್ಮೆಗೇ ಹಾರಿದರೆ ವಾಪಸ್ ಕೊಡಿ. ಪ್ರತಿ ಕೋಣೆಗೂ ಬೇಕಿಲ್ಲ, ಒಂದನ್ನೇ ಕೋಣೆಯಿಂದ ಕೋಣೆಗೆ ಒಯ್ದು, ಪಾಠದ ಕೊನೆಯ ಹತ್ತು ನಿಮಿಷದ ಅಂಕಿ ಬರೆದುಕೊಂಡರೆ ಯಾವ ಕೋಣೆ ಬಳಸಬಾರದು ಎಂದು ಒಂದು ವಾರದಲ್ಲಿ ಗೊತ್ತಾಗುತ್ತದೆ.

ಸೀಲಿಂಗ್ ಫ್ಯಾನು ಗಾಳಿ ಬದಲಿಸುವುದಿಲ್ಲ, ಇದ್ದದ್ದನ್ನೇ ಕಡೆಯುತ್ತದೆ. ಎದುರುಬದುರು ಎರಡು ತೆರವು ಬೇಕು. ಒಂದೇ ಗೋಡೆಗೆ ಕಿಟಕಿಯಿದ್ದರೆ ಒಂದು ತುದಿಯ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹೊರಮುಖವಾಗಿ ಕೂರಿಸಿ, ಬಾಗಿಲು ತೆರೆದಿಡಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆ ಜೂನ್‌ನಿಂದ ಕಿಟಕಿ ತೆರೆದರೆ ಇರಚಲು ಒಳಗೇ. ಅಲ್ಲಿ ಬಾಗಿಲ ಮೇಲಿನ ವೆಂಟಿಲೇಟರ್ ಮುಖ್ಯ, ಅದಕ್ಕೆ ಹೊಡೆದ ಪ್ಲೈವುಡ್ ತೆಗೆಸುವುದೇ ಮೊದಲ ಕೆಲಸ.

ಹಾಸ್ಟೆಲ್ ವಿಷಯದಲ್ಲಿ ಬರಹ ಚೆನ್ನಾಗಿಯೇ ಇತ್ತು. ಅಗತ್ಯವಿದ್ದರೆ ಮಾತ್ರ ತೆರೆಯಿರಿ, ಕೋಣೆ ಹಂಚಿಕೆ ಬೇಡ, ಊಟ ಸಣ್ಣ ಬ್ಯಾಚುಗಳಲ್ಲಿ, ಕಟ್ಟಿಸಿಕೊಂಡು ಹೋಗುವ ಅನುಕೂಲವೂ ಇರಲಿ. ಮೂವರ ಕೋಣೆಯಲ್ಲಿ ಒಬ್ಬರನ್ನಿಟ್ಟರೆ ಶುಲ್ಕ ಯಾರು ತುಂಬುವುದು ಎಂಬಲ್ಲಿಗೆ ಬರಹ ನಿಂತಿತು. ಮೆಸ್ಸಿನ ಲೆಕ್ಕ ನೋಡಿ: 240 ಮಂದಿ, ಅಂತರ ಇಟ್ಟರೆ ಒಂದು ಬ್ಯಾಚಿಗೆ 40. ತಿನ್ನಲು 20 ನಿಮಿಷ, ಮೇಜು ಒರೆಸಲು 5. ಆರು ಬ್ಯಾಚಿಗೆ ಎರಡೂವರೆ ಗಂಟೆ. ಏಳಕ್ಕೆ ತಿಂಡಿ ಶುರುವಾದರೆ ಕೊನೆಯವರು ಏಳುವುದು ಒಂಬತ್ತೂವರೆ ಹೊತ್ತಿಗೆ, ತರಗತಿ ಒಂಬತ್ತಕ್ಕೆ. ಎಂಟೂವರೆಗೆ ಬ್ಯಾಚು ಒಡೆದು ಎಲ್ಲರೂ ಒಳಗೆ ನುಗ್ಗುತ್ತಾರೆ, ಮಾಸ್ಕ್ ಗಲ್ಲಕ್ಕೆ ಇಳಿದಿರುತ್ತದೆ, ಒಂದೇ ಸೌಟು ನೂರು ಕೈ ದಾಟುತ್ತದೆ. ಸೌಟಿಗಿಂತ ಅಪಾಯ ಆ ಹೊತ್ತಿನ ಹರಟೆ. ತಿಂಡಿ ಪೂರ್ತಿ ಕಟ್ಟಿಕೊಟ್ಟು, ಮಧ್ಯಾಹ್ನದ್ದು ಮಾತ್ರ ಬಯಲಿನಲ್ಲೋ ಜಗಲಿಯಲ್ಲೋ ಬಡಿಸುವುದು ಇದಕ್ಕಿಂತ ಸರಳ.

2021ರ ಫೆಬ್ರವರಿಯಲ್ಲಿ ಬೆಂಗಳೂರು, ಮಂಗಳೂರಿನ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಗುಂಪು ಗುಂಪಾಗಿ ಸೋಂಕು ಕಂಡಿತು. ಮಾರ್ಚ್‌ನಲ್ಲಿ ಮಣಿಪಾಲದ ಎಂಜಿನಿಯರಿಂಗ್ ಕ್ಯಾಂಪಸ್ಸೇ ಕಂಟೈನ್‌ಮೆಂಟ್ ವಲಯವಾಯಿತು. ಒಟ್ಟಿಗೆ ಉಣ್ಣುವ, ಒಟ್ಟಿಗೆ ಮಲಗುವ ಜಾಗಗಳ ಕತೆ ಇವು.

ಐಸೊಲೇಶನ್ ಕೋಣೆ ಎಂದು ಬೋರ್ಡು ಹಾಕಿದ ಹಳೆಯ ಸಾಮಾನು ಕೋಣೆಗಳಿಗೆ ಅಂಕ ಕೊಡುವಂತಿಲ್ಲ. ಕೋಣೆಗೆ ಸ್ವಂತ ಶೌಚಾಲಯ ಇರಬೇಕು, ಕಿಟಕಿ ಹೊರಗಿನ ಗಾಳಿಗೆ ತೆರೆಯಬೇಕೇ ಹೊರತು ಕಾರಿಡಾರಿಗಲ್ಲ. ಡಿಜಿಟಲ್ ಥರ್ಮಾಮೀಟರ್, ರಕ್ತದ ಆಮ್ಲಜನಕದ ಶೇಕಡಾ ತೋರಿಸುವ ಆಕ್ಸಿಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್, ಮುಚ್ಚಳದ ಕಸದ ಬುಟ್ಟಿ, ಬಾಗಿಲ ಮೇಲೆ ಆಂಬುಲೆನ್ಸಿನ 108 ಮತ್ತು ಆರೋಗ್ಯ ಸಹಾಯವಾಣಿಯ 104. ಆಕ್ಸಿಮೀಟರ್ ಹಾಕುವ ಬೆರಳಿಗೆ ನೇಲ್ ಪಾಲಿಶ್, ಮೆಹೆಂದಿ ಇರಬಾರದು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು, ಅಂಕಿ ನಿಲ್ಲಲು ಒಂದು ನಿಮಿಷ ಕಾಯಬೇಕು. 94ಕ್ಕಿಂತ ಕೆಳಗಿದ್ದರೆ ಆಸ್ಪತ್ರೆ. 95, 96 ಇದ್ದರೂ ಆರು ನಿಮಿಷ ನಡೆಸಿ ಮತ್ತೆ ನೋಡಬೇಕು, ಮೂರು ಅಂಕಿ ಇಳಿದರೆ ಆಗಲೂ ಆಸ್ಪತ್ರೆಯೇ. ಕಪ್ಪು ಚರ್ಮದವರಲ್ಲಿ ಈ ಯಂತ್ರ ಇರುವುದಕ್ಕಿಂತ ತುಸು ಹೆಚ್ಚೇ ತೋರಿಸಬಲ್ಲದು. ಏದುಸಿರು ಕಣ್ಣಿಗೆ ಕಾಣುತ್ತಿದ್ದರೆ ಅಂಕಿ ನೋಡುತ್ತ ಕೂರಬಾರದು.

ಮಾಸ್ಕಿನ ನಿಯಮ ಸರಿಯಿತ್ತು, ವಿವರ ಇರಲಿಲ್ಲ. ಕವಾಟ ಇರುವ ಎನ್-95 ಬೇಡ, ಅದು ತೊಟ್ಟವರ ಉಸಿರನ್ನು ಹಾಗೆಯೇ ಹೊರಗೆ ಬಿಡುತ್ತದೆ. ಅಧ್ಯಾಪಕರಿಗೆ ಒಂದು ಕಾಲರ್ ಮೈಕ್ ಕೊಡಿಸಿದರೆ ಮಾಸ್ಕ್ ಮೂಗಿನ ಮೇಲೇ ನಿಲ್ಲುತ್ತದೆ. ಕೇಳಿಸುತ್ತಿಲ್ಲ ಸಾರ್ ಎಂದ ಕೂಡಲೇ ಅದು ಕೆಳಗಿಳಿಯುವುದು ಎಲ್ಲ ಕಾಲೇಜಿನಲ್ಲೂ ಕಂಡ ದೃಶ್ಯ.

2021ರ ಜುಲೈ 26ರಿಂದ ಕಾಲೇಜು ಮತ್ತೆ ತೆರೆದಾಗ ಕನಿಷ್ಠ ಒಂದು ಡೋಸ್ ಲಸಿಕೆ ಆಗಿರಬೇಕೆಂಬ ನಿಯಮ ಬಂತು. ಇಡೀ ಫೈಲಿನಲ್ಲಿ ಕೊಟ್ಟ ಕಾಸಿಗೆ ಅತಿ ಹೆಚ್ಚು ಕೆಲಸ ಮಾಡಿದ ಹಾಳೆ ಇದು. ಕ್ಯಾಂಪಸ್ಸಿನಲ್ಲೇ ಶಿಬಿರ ಹಾಕಿದ ಕಡೆ ಹಾಜರಾತಿಯ ಗೊಂದಲವೂ ಕಡಿಮೆ. ಆದರೆ ಲಸಿಕೆ ಬಂತೆಂದು ಉಳಿದ ಹಾಳೆಗಳನ್ನು ಮಡಚಿಟ್ಟದ್ದು ತಪ್ಪು. ಅದೇ ವರ್ಷ ನವೆಂಬರ್‌ನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಒಂದು ಸಮಾರಂಭದ ಬೆನ್ನಿಗೆ ಸೋಂಕಿತರ ಸಂಖ್ಯೆ ಮುನ್ನೂರರ ಹತ್ತಿರ ಹೋಯಿತು. ಹೆಚ್ಚಿನವರು ಎರಡೂ ಡೋಸ್ ಪಡೆದಿದ್ದರು, ಹೆಚ್ಚಿನವರಿಗೆ ಕಾಯಿಲೆ ತೀವ್ರವಾಗಲಿಲ್ಲ. ಲಸಿಕೆ ತಡೆದದ್ದು ಐಸಿಯುವನ್ನು, ಹರಡುವುದನ್ನು ಪೂರ್ತಿಯಾಗಿ ಅಲ್ಲ.

ಆ ಫೈಲಿನಿಂದ ಈಗ ಉಳಿಸಿಕೊಳ್ಳಬಹುದಾದದ್ದು: ಲಸಿಕೆಯ ಹಾಳೆ, ಸ್ಯಾನಿಟೈಸರ್ ಸೂತ್ರದ ಹಾಳೆ, ಹಾಸ್ಟೆಲಿನ 14 ದಿನದ ಸಾಲು, ಅದೂ ಬಾಲಂಗೋಚಿ ಕತ್ತರಿಸಿ. ಹೊಸದಾಗಿ ಸೇರಿಸಬೇಕಾದದ್ದು ಪ್ರತಿ ಕೋಣೆಯ ಅಳತೆ, ತೆರೆಯುವ ಕಿಟಕಿಗಳ ಎಣಿಕೆ, ಮೆಸ್ಸಿನ ವೇಳಾಪಟ್ಟಿ. ಇವನ್ನು ಬರೆಯಲು ಸಾಂಕ್ರಾಮಿಕ ಬರಬೇಕಿಲ್ಲ, ಒಂದು ಟೇಪು ಮತ್ತು ಒಂದು ಶನಿವಾರ ಮಧ್ಯಾಹ್ನ ಸಾಕು. ತುಕ್ಕು ಹಿಡಿದು ತೆರೆಯದ ಕಿಟಕಿಗಳಿಗೆ ಅಂದೇ ಎಣ್ಣೆ ಬಿಡಿಸಿ.